ಮಳೆಗಾಲದಲ್ಲಿ ಈ ಕರಾವಳಿಯ ದಾರಿ ಹಿಡಿದವರು

ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ನಮ್ಮಲ್ಲಿ ಹಲವರು ಕಾಲೇಜಿಗೆ, ಆಸ್ಪತ್ರೆಗೆ, ಕೆಲಸಕ್ಕೆ ದಿನವೂ ಈ ದಾರಿಯಲ್ಲಿ ಹೋಗಿ ಬರುವವರು. ಮುಂದಿನ ಸಲ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಸೇತುವೆಗಳನ್ನು ಎಣಿಸಿ ನೋಡಿ. ಮೊದಲು ನೇತ್ರಾವತಿ. ತಲಪಾಡಿ ಕಳೆದ ಮೇಲೆ ಮಂಜೇಶ್ವರ ಹೊಳೆ, ಉಪ್ಪಳ ಹೊಳೆ, ಶಿರಿಯ ಹೊಳೆ, ಕುಂಬಳೆ ಹೊಳೆ, ಮೊಗ್ರಾಲ್ ಹೊಳೆ. ಕಾಸರಗೋಡು ಪೇಟೆ ದಾಟಿದರೆ ಚಂದ್ರಗಿರಿ. ಒಂದೊಂದು ಸೇತುವೆಯನ್ನೂ ಬಸ್ಸು ಅರ್ಧ ನಿಮಿಷದಲ್ಲಿ ದಾಟುತ್ತದೆ; ಮೊಬೈಲಿನಿಂದ ತಲೆ ಎತ್ತುವಷ್ಟರಲ್ಲಿ ಹೊಳೆ ಹಿಂದೆ ಸರಿದಿರುತ್ತದೆ.

ಈ ಸೇತುವೆಗಳು ಯಾವುದೂ ಇಲ್ಲದ ಕಾಲದಲ್ಲಿ, ಆಟಿ ತಿಂಗಳ ಮಳೆಯಲ್ಲಿ, ಇದೇ ದಾರಿಯಲ್ಲಿ ಜನ ಹೇಗೆ ಹೋಗುತ್ತಿದ್ದರು? ಯುವಕೂಟದಲ್ಲಿ ಈ ಪ್ರಶ್ನೆ ಎದ್ದ ಮೇಲೆ ನಾವು ಹಳೆಯ ಪ್ರವಾಸಿಗರ ಬರಹಗಳನ್ನು ತೆರೆದು ಕೂತೆವು. ಉತ್ತರಕ್ಕೆ ಮೊದಲು ಮಳೆಯ ವಿಷಯ ಸ್ವಲ್ಪ ಹೇಳಬೇಕು. (ವಿಜ್ಞಾನ ಓದಿದವರ ಕೈಗೆ ಇತಿಹಾಸ ಕೊಟ್ಟರೆ ಹೀಗೇ ಆಗುವುದು, ಸಹಿಸಿಕೊಳ್ಳಿ.)

ಜೂನ್ ಮೊದಲ ವಾರದಲ್ಲಿ ನೈಋತ್ಯದಿಂದ ಬೀಸುವ ಗಾಳಿ ಅರಬ್ಬೀ ಕಡಲಿನ ತೇವವನ್ನೆಲ್ಲ ಹೊತ್ತು ತಂದು ಪಶ್ಚಿಮ ಘಟ್ಟಕ್ಕೆ ಬಡಿಯುತ್ತದೆ. ಮೇಲೇರಿದ ಗಾಳಿ ತಣಿಯುತ್ತದೆ, ತಣಿದ ಗಾಳಿ ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಸುರಿಸುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು ಮುಗಿಯುತ್ತದೆ. ಘಟ್ಟಕ್ಕೂ ಕಡಲಿಗೂ ನಡುವೆ ಅಂತರ ಕಡಿಮೆ. ಆದ್ದರಿಂದ ನಮ್ಮ ಹೊಳೆಗಳೆಲ್ಲ ಗಿಡ್ಡ, ಅವಸರದವು. ಮಂಜೇಶ್ವರ ಹೊಳೆಯ ಉದ್ದ ಬರೀ 16 ಕಿಲೋಮೀಟರ್, ಕೇರಳದಲ್ಲೇ ಅತಿ ಚಿಕ್ಕ ನದಿ. ಚಂದ್ರಗಿರಿಗೆ 105 ಕಿಲೋಮೀಟರ್. ಬೆಳಿಗ್ಗೆ ಘಟ್ಟದಲ್ಲಿ ಸುರಿದ ನೀರು ಸಂಜೆಯ ಹೊತ್ತಿಗೆ ಕೆಳಗಿನ ತೋಟಕ್ಕೆ ನುಗ್ಗಿರುತ್ತದೆ.

ಕಡಲಿನ ಹತ್ತಿರ ಇನ್ನೊಂದು ಸಂಗತಿ ಇದೆ. ಅಲೆಗಳು ದಡದುದ್ದಕ್ಕೂ ಮರಳನ್ನು ಎಳೆದು ತಂದು ಹೊಳೆಯ ಬಾಯಿಗೆ ಅಡ್ಡವಾಗಿ ದಿಬ್ಬ ಕಟ್ಟುತ್ತವೆ. ಹೊಳೆ ನೇರವಾಗಿ ಕಡಲಿಗೆ ಸೇರಲಾರದೆ ಪಕ್ಕಕ್ಕೆ ತಿರುಗಿ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ಬೇಸಿಗೆಯಲ್ಲಿ ಹಳಬರು ಈ ಮರಳ ದಂಡೆಯ ಮೇಲೇ ನಡೆಯುತ್ತಿದ್ದರು. ಒದ್ದೆ ಮರಳು ಗಟ್ಟಿ, ಕಾಲಿಗೆ ಹಿತ, ದಾರಿ ತಪ್ಪುವ ಭಯವಿಲ್ಲ; ಅಳಿವೆ ಬಂದಾಗ ಒಂದು ಸಣ್ಣ ದೋಣಿ ಸಾಕು. ಮಳೆಗಾಲದಲ್ಲಿ ಇದೆಲ್ಲ ತಲೆಕೆಳಗು. ಉಕ್ಕಿದ ಹೊಳೆ ದಿಬ್ಬವನ್ನು ಒಡೆದುಕೊಂಡು ಹೋಗುತ್ತದೆ, ಒಳಗಿನಿಂದ ಬರುವ ನೆರೆಗೂ ಹೊರಗಿನಿಂದ ಬರುವ ಅಲೆಗೂ ಅಳಿವೆಯಲ್ಲೇ ಜಗಳ. ನಡೆಯುವ ದಂಡೆಯನ್ನು ಕಡಲು ತಿಂದಿರುತ್ತದೆ. ಆಗ ಒಳನಾಡಿನ ಕಡವಿಗೆ ಸುತ್ತಿಕೊಂಡು ಹೋಗಬೇಕು, ಅಲ್ಲಿ ದೋಣಿಯವನು ಹೂಂ ಎಂದರೆ ದಾಟಬೇಕು, ಇಲ್ಲದಿದ್ದರೆ ಕಾಯಬೇಕು.

ಹಾಗಾದರೆ ಕಡಲ ಮೇಲೆ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಮಳೆಗಾಲದಲ್ಲಿ ಕಡಲಿಗೇ ಬೀಗ. ಮಂಗಳೂರಿನ ಹಳೆಯ ಬಂದರಿನಲ್ಲಿ ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲ; ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು, ಜನ ಮತ್ತು ಸರಕು ದೋಣಿಗಳಲ್ಲಿ ಹೋಗಿ ಬರುತ್ತಿದ್ದವು. ನೈಋತ್ಯದ ಗಾಳಿ ಎದ್ದರೆ ಅದು ಅಸಾಧ್ಯ. ಮಂಜಿ, ಪತ್ತೆಮಾರಿಗಳನ್ನೆಲ್ಲ ಮೇಲಕ್ಕೆ ಎಳೆದು ಮಡಲು ಹೊದೆಸಿ ಇಡುವುದೇ ಪದ್ಧತಿಯಾಗಿತ್ತು. ಪಣಂಬೂರಿನಲ್ಲಿ ಎಲ್ಲ ಋತುವಿಗೂ ಆಗುವ ಬಂದರು ಬಂದದ್ದು 1970ರ ದಶಕದಲ್ಲಿ. ಅಲ್ಲಿಯವರೆಗೆ ಜೂನ್‌ನಿಂದ ಸುಮಾರು ಮೂರು ತಿಂಗಳು ಈ ಕರೆಗೆ ಕಡಲದಾರಿ ಮುಚ್ಚಿರುತ್ತಿತ್ತು; ರೈಲು ಬರುವ ಮೊದಲು ಹೊರಲೋಕದ ಸಂಪರ್ಕವೆಂದರೆ ಕಾಲುದಾರಿ ಮಾತ್ರ. ಇಂದಿಗೂ ಯಂತ್ರದ ದೋಣಿಗಳಿಗೆ ಮಳೆಗಾಲದ ನಿಷೇಧವಿದೆ. ಅದರಲ್ಲೂ ಗಡಿಯ ತಮಾಷೆ ನೋಡಿ: ಕರ್ನಾಟಕದಲ್ಲಿ 61 ದಿನ, ಕೇರಳದಲ್ಲಿ 52 ದಿನ. ತಲಪಾಡಿಯ ಈಚೆ ಆಚೆ ಮೀನು ಒಂದೇ, ಕ್ಯಾಲೆಂಡರು ಎರಡು.

ಈ ದಾರಿಯ ಬಗ್ಗೆ ನಮಗೆ ಸಿಗುವ ಹಳೆಯ ವಿವರಗಳಲ್ಲಿ ಇಬ್ನ್ ಬತೂತನದು ಮುಖ್ಯ. ಮೊರಾಕ್ಕೋ ದೇಶದ ಈ ಪ್ರವಾಸಿ 1342ರ ಸುಮಾರಿಗೆ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟವನು. ಹೊನ್ನಾವರ, ಬಾರ್ಕೂರು, ಮಂಗಳೂರು, ಏಳಿಮಲೆ ಹೀಗೆ ಹಡಗಿನಲ್ಲಿ ಕೆಳಗಿಳಿದು ಕಲ್ಲಿಕೋಟೆಗೆ ಬಂದ. ಮಂಗಳೂರನ್ನು ಅವನು ‘ಮಂಜರೂರ್’ ಎಂದು ಬರೆದಿದ್ದಾನೆ. ಕಲ್ಲಿಕೋಟೆಯಲ್ಲಿ ಸುಲ್ತಾನನ ಕಾಣಿಕೆಗಳು ಹಡಗೇರಿದ್ದವು. ಇವನು ಶುಕ್ರವಾರದ ನಮಾಜಿಗೆಂದು ದಡದಲ್ಲೇ ಉಳಿದಿದ್ದ. ರಾತ್ರಿ ಕಡಲು ಕೆರಳಿ ಕಾಣಿಕೆ ತುಂಬಿದ್ದ ಹಡಗು ದಡಕ್ಕೆ ಅಪ್ಪಳಿಸಿ ಒಡೆಯಿತು, ಅದರಲ್ಲಿದ್ದವರು ಸತ್ತರು. ಅವನ ಸಾಮಾನು ಮತ್ತು ಮನೆಯವರಿದ್ದ ಇನ್ನೊಂದು ಹಡಗು ಹಾಯಿ ಬಿಚ್ಚಿ ಹೊರಟೇ ಹೋಯಿತು. ಕೈಯಲ್ಲಿ ಕೆಲವು ನಾಣ್ಯ, ಹಾಸಿಕೊಳ್ಳಲು ಒಂದು ಚಾಪೆ. ಅಲ್ಲಿಂದ ಕೊಲ್ಲಂಗೆ ಅವನು ಕಡಲನ್ನು ನಂಬದೆ ಒಳನಾಡಿನ ಹಿನ್ನೀರಿನ ದಾರಿ ಹಿಡಿದ. ಹತ್ತು ದಿನ ಹಿಡಿಯಿತು.

ಅವನ ಕಷ್ಟಕ್ಕಿಂತ ಹೆಚ್ಚಾಗಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕಾಲುದಾರಿಯ ಬಗ್ಗೆ ಅವನು ಕೊಟ್ಟ ವಿವರ. ಗೋವಾದಿಂದ ಕೊಲ್ಲಂವರೆಗೆ ಎರಡು ತಿಂಗಳ ನಡಿಗೆ, ಉದ್ದಕ್ಕೂ ಮರದ ನೆರಳು. ಪ್ರತಿ ಅರ್ಧ ಮೈಲಿಗೆ ಒಂದು ಮರದ ಮನೆ. ಅದರಲ್ಲಿ ಜಗಲಿಗಳಿರುತ್ತವೆ, ದಾರಿಹೋಕರು ಯಾವ ಮತದವರಾದರೂ ಕೂರಬಹುದು. ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಕುದುರೆ ರಾಜನಿಗೆ ಮಾತ್ರ. ಉಳಿದವರು ನಡೆಯುತ್ತಾರೆ ಅಥವಾ ದೋಲಿಯಲ್ಲಿ ಹೊರಿಸಿಕೊಳ್ಳುತ್ತಾರೆ. ವ್ಯಾಪಾರಿಗಳ ಸರಕೆಲ್ಲ ಕೂಲಿಯಾಳುಗಳ ತಲೆಯ ಮೇಲೆ. ಕಳ್ಳತನಕ್ಕೆ ಶಿಕ್ಷೆ ಎಷ್ಟು ಕಠಿಣವೆಂದರೆ ಮರದಿಂದ ಬಿದ್ದ ಕಾಯಿಯನ್ನೂ ಯಾರೂ ಮುಟ್ಟುವುದಿಲ್ಲ, ಇದಕ್ಕಿಂತ ಸುರಕ್ಷಿತ ದಾರಿ ತಾನು ಕಂಡಿಲ್ಲ ಎಂಬರ್ಥದಲ್ಲಿ ಬರೆಯುತ್ತಾನೆ. ಅರ್ಧ ಮೈಲಿಗೊಂದು ಸೂರು ಎಂದರೆ ಇವತ್ತಿನ ಲೆಕ್ಕದಲ್ಲಿ ಕಿಲೋಮೀಟರಿಗೊಂದಕ್ಕಿಂತ ಹೆಚ್ಚು. ಈಗ ರಾಷ್ಟ್ರೀಯ ಹೆದ್ದಾರಿಯಲ್ಲಿ ಮಳೆ ಬಂದಾಗ ಸ್ಕೂಟರ್ ನಿಲ್ಲಿಸಲು ಸೂರು ಹುಡುಕಿದವರಿಗೆ ಈ ಲೆಕ್ಕದ ಬೆಲೆ ಗೊತ್ತು.

ಪ್ರವಾಸಿಗಳು ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತಾರೆ, ಇದೂ ಹಾಗೆಯೇ ಇರಬಹುದು ಎಂದುಕೊಂಡೆವು. ಆದರೆ ಒಂದೂವರೆ ಶತಮಾನದ ನಂತರ ಬಂದ ಬೇರೆ ಜನ, ಬೇರೆ ಭಾಷೆಯಲ್ಲಿ, ಅದೇ ಮಾತು ಬರೆದಿಟ್ಟಿದ್ದಾರೆ.

1498ರ ಮೇ 20. ವಾಸ್ಕೊ ಡ ಗಾಮನ ಹಡಗುಗಳು ಕಲ್ಲಿಕೋಟೆಯ ಎದುರು ನಿಂತವು. ಶಾಲೆಯಲ್ಲಿ ಈ ತಾರೀಕನ್ನು ಬಾಯಿಪಾಠ ಮಾಡಿದ್ದೇವೆ, ಆದರೆ ಅದು ಮಳೆಗಾಲ ಶುರುವಾಗಲು ಹತ್ತು ದಿನ ಇರುವಾಗಿನ ತಾರೀಕು ಎಂದು ಯಾರೂ ಹೇಳಿಕೊಡಲಿಲ್ಲ. ಆ ಹಡಗಿನಲ್ಲಿದ್ದ ಒಬ್ಬ ಬರೆದ ದಿನಚರಿ ಉಳಿದುಕೊಂಡಿದೆ. ಅದರ ಪ್ರಕಾರ ಸಾಮೂದಿರಿ ರಾಜನ ಕಡೆಯ ಚುಕ್ಕಾಣಿಗಾರನೇ ಬಂದು, ಇಲ್ಲಿ ಲಂಗರು ನಿಲ್ಲುವುದಿಲ್ಲ ಎಂದು ಹಡಗುಗಳನ್ನು ಸ್ವಲ್ಪ ಉತ್ತರದ ಪಂತಲಾಯಿನಿಗೆ ಸಾಗಿಸಿದ. ಬಂದವರು ಯಾರು ಎಂದೇ ಗೊತ್ತಿರದಿದ್ದಾಗಲೂ ಮಳೆಗಾಲದ ಕಡಲಿನಿಂದ ಅವರ ಹಡಗು ಉಳಿಸಿಕೊಟ್ಟದ್ದು ಈ ಕರೆಯ ಜನ. ಮುಂದೆ ಅದೇ ಗಾಮ ಈ ಕರೆಗೆ ಏನು ಮಾಡಿದ ಎಂಬುದು ಬೇರೆ ಕಥೆ, ಒಳ್ಳೆಯ ಕಥೆಯಲ್ಲ.

ಮೇ 28ರಂದು ಗಾಮ 13 ಜನರೊಂದಿಗೆ ರಾಜನನ್ನು ನೋಡಲು ಹೋದ. ಭೇಟಿ ಮುಗಿಯುವಾಗ ರಾತ್ರಿಯಾಗಿತ್ತು. ಆಗ ಹಿಡಿಯಿತು ಮಳೆ. ಬೀದಿಗಳಲ್ಲಿ ನೀರು ಹರಿಯುವಷ್ಟು ಮಳೆ. ಗಾಮನನ್ನು ಆರು ಜನ ಪಲ್ಲಕ್ಕಿಯಲ್ಲಿ ಹೊತ್ತಿದ್ದರು. ಉಳಿದವರು ನೋಡಲು ಸೇರಿದ ಜನಸಾಗರದ ನಡುವೆ ನೆನೆಯುತ್ತ ನಡೆದರು. ದಾರಿ ಮುಗಿಯುವಂತೆ ಕಾಣದೆ ಗಾಮ ಸಿಡುಕಿದ. ಜೊತೆಗಿದ್ದ ರಾಜನ ವ್ಯಾಪಾರದ ಅಧಿಕಾರಿ, ಒಬ್ಬ ಮುಸ್ಲಿಂ, ಅವರನ್ನು ತನ್ನ ಮನೆಗೇ ಕರೆದುಕೊಂಡು ಹೋಗಿ ಜಗಲಿಯಲ್ಲಿ ಜಮಖಾನ ಹಾಸಿ ಕೂರಿಸಿದ. ಮುಂದಕ್ಕೆ ಹೋಗಲು ಒಂದು ಕುದುರೆ ತಂದರು. ಅದಕ್ಕೆ ಜೀನು ಇರಲಿಲ್ಲವೆಂದು ಗಾಮ ಹತ್ತಲಿಲ್ಲ.

ಮೂರು ದಿನಗಳ ಬಳಿಕ ಪಂತಲಾಯಿನಿಗೆ ಮರಳುವಾಗ ಗಾಮನ ಪಲ್ಲಕ್ಕಿ ಮುಂದೆ ಹೋಯಿತು, ನಡೆಯುತ್ತಿದ್ದವರು ಹಿಂದೆ ಬಿದ್ದು ದಾರಿ ತಪ್ಪಿದರು. ಕೊನೆಗೆ ಅವರು ಬಂದು ಸೇರಿದಾಗ ಗಾಮ ಒಂದು ತಂಗುಮನೆಯಲ್ಲಿ ಕೂತಿದ್ದ. ಇಂಥ ಮನೆಗಳು ಈ ದಾರಿಗಳಲ್ಲಿ ಬೇಕಾದಷ್ಟಿವೆ, ದಾರಿಹೋಕರು ಮಳೆಯಿಂದ ತಪ್ಪಿಸಿಕೊಳ್ಳಲೆಂದೇ ಕಟ್ಟಿದವು ಎಂದು ದಿನಚರಿ ಬರೆದವನು ಹೇಳುತ್ತಾನೆ. ಇಬ್ನ್ ಬತೂತನ ಮರದ ಮನೆಗಳು! ಆ ಸಂಜೆ ಹಡಗಿಗೆ ಹೋಗಲು ಗಾಮ ದೋಣಿ ಕೇಳಿದರೆ ಕತ್ತಲಾಯಿತು, ಈಗ ಬೇಡ ಎಂದರು. ತನ್ನನ್ನು ಹಿಡಿದಿಡಲು ನೋಡುತ್ತಿದ್ದಾರೆ ಎಂದು ಅವನಿಗೆ ಅನುಮಾನ. ಅನುಮಾನ ಪೂರ್ತಿ ಸುಳ್ಳೂ ಅಲ್ಲ, ಮುಂದಿನ ಒಂದೆರಡು ದಿನ ಅವರನ್ನು ಕಾವಲಿನಲ್ಲಿ ಇಟ್ಟದ್ದು ನಿಜ. ಆದರೆ ಜೂನ್ ಹೊಸ್ತಿಲಲ್ಲಿ ಕತ್ತಲಾದ ಮೇಲೆ ದೋಣಿ ಇಳಿಸದವನು ತಿಳಿದವನೇ ಎಂದು ನಮ್ಮ ಮೊಗವೀರ ಗೆಳೆಯರು ಹೇಳುತ್ತಾರೆ.

ಮಳೆಗಾಲದ ಗಾಳಿಯ ಲೆಕ್ಕ ಗೊತ್ತಿಲ್ಲದ್ದಕ್ಕೆ ಗಾಮನ ಜನ ತೆತ್ತ ಬೆಲೆ ದೊಡ್ಡದು. ಗಾಳಿ ತಿರುಗುವ ಮೊದಲೇ ಆಗಸ್ಟ್ 29ಕ್ಕೆ ಹೊರಟರು. ದಡ ಹಿಡಿದು ನಿಧಾನವಾಗಿ ಉತ್ತರಕ್ಕೆ ಬಂದು ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ ತಂಗಿ, ಅಕ್ಟೋಬರ್ 5ಕ್ಕೆ ಅಲ್ಲಿಂದ ಬಿಟ್ಟು, ಆಫ್ರಿಕಾದ ಮಾಲಿಂದಿ ಮುಟ್ಟಿದ್ದು ಜನವರಿ 7ಕ್ಕೆ. ಆ ಮೂರು ತಿಂಗಳಲ್ಲಿ 30 ಜನ ಸತ್ತರು, ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಮಾತ್ರ ಉಳಿದಿದ್ದರು. ಸರಿಯಾದ ಗಾಳಿಗೆ ಅರಬರು ಇದೇ ಕಡಲನ್ನು ಅದಕ್ಕಿಂತ ಎಷ್ಟೋ ಬೇಗ ದಾಟುತ್ತಿದ್ದರು.

ಹಾಗೆಂದು ಆ ತಂಗುಮನೆಗಳನ್ನು ನೆನೆದು ಹಿಂದಿನ ಕಾಲವೇ ಚಿನ್ನದ ಕಾಲ ಎಂದು ಹೇಳಲು ನಮಗೆ ಮನಸ್ಸಿಲ್ಲ. ಇಬ್ನ್ ಬತೂತನೇ ಅದೇ ಪುಟದಲ್ಲಿ ಇನ್ನೊಂದು ಮಾತು ಬರೆದಿದ್ದಾನೆ. ಬಾವಿಯ ಬಳಿ ಇದ್ದವನು ತನ್ನ ಮತದವರಿಗೆ ಪಾತ್ರೆಯಲ್ಲಿ ನೀರು ಕೊಡುತ್ತಾನೆ, ಮುಸ್ಲಿಮರಿಗೆ ಬೊಗಸೆಗೆ ಹೊಯ್ಯುತ್ತಾನೆ. ಮನೆಯೊಳಗೆ ಬಿಡುವುದಿಲ್ಲ, ತಮ್ಮ ಪಾತ್ರೆಯಲ್ಲಿ ಬಡಿಸುವುದಿಲ್ಲ, ಬಾಳೆಲೆಯಲ್ಲಿ ಹಾಕುತ್ತಾರೆ. ಅವನಾದರೋ ಸುಲ್ತಾನನ ರಾಯಭಾರಿ. ತಲೆಯ ಮೇಲೆ ಸರಕು ಹೊತ್ತು ಅದೇ ಮಳೆಯಲ್ಲಿ ಬಂದ ಕೂಲಿಯಾಳಿಗೆ ಆ ಜಗಲಿಯ ಮೇಲೆ ಜಾಗವಿತ್ತೇ, ಬೊಗಸೆ ನೀರಾದರೂ ಸಿಗುತ್ತಿತ್ತೇ ಎಂದು ಅವನು ಬರೆಯಲಿಲ್ಲ. ನಮ್ಮ ಊರುಗಳಲ್ಲಿ ಜಾತಿ ನೋಡಿ ದೂರ ನಿಲ್ಲಿಸುತ್ತಿದ್ದ ಪದ್ಧತಿ ಮೊನ್ನೆ ಮೊನ್ನೆಯವರೆಗೂ ಇತ್ತು. ಮಳೆ ಬಂದಾಗ ಮಾತ್ರ ಅದು ಬಿಟ್ಟುಹೋಗಿರಲು ಕಾರಣವಿಲ್ಲ.

ಈಗ ನಮ್ಮವರೇ ಆದ ಒಬ್ಬ ದಾರಿಹೋಕರ ವಿಷಯಕ್ಕೆ ಬರೋಣ. ಸಂತ ಜೋಸೆಫ್ ವಾಜ್. ಶ್ರೀಲಂಕಾದ ಪ್ರೇಷಿತರು ಎಂದು ಅವರನ್ನು ಎಲ್ಲರೂ ಬಲ್ಲರು. ಅದಕ್ಕೆ ಮೊದಲು ಮೂರು ವರ್ಷ ಅವರು ಕೆನರಾದ ದಾರಿಗಳಲ್ಲಿ ನಡೆದವರು ಎಂಬುದನ್ನು ನಮ್ಮ ಮಕ್ಕಳಿಗೆ ನಾವು ಸಾಕಷ್ಟು ಹೇಳಿಲ್ಲ.

1651ರ ಏಪ್ರಿಲ್ 21ರಂದು ಗೋವಾದ ಬೆನಾವಲಿಯಲ್ಲಿ ಹುಟ್ಟಿದ ಅವರು 1681ರಲ್ಲಿ ಕೆನರಾಕ್ಕೆ ಬಂದರು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಬೇಕಲ, ಚಂದ್ರಗಿರಿ ಕೋಟೆಗಳೂ ಕೆಳದಿಯವರವೇ. ಗೋವಾದಿಂದ ವಲಸೆ ಬಂದ ಕ್ರೈಸ್ತರು ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮಂಗಳೂರು ಎಂದು ಕರಾವಳಿಯುದ್ದಕ್ಕೂ ಚದುರಿದ್ದರು. ಗುರುಗಳು ಬೆರಳೆಣಿಕೆಯಷ್ಟು. ಅದರ ಮೇಲೆ ಅಧಿಕಾರದ ಜಗಳ ಬೇರೆ. ರೋಮಿನಿಂದ ನೇಮಕಗೊಂಡಿದ್ದ ಬಿಷಪ್ ತೋಮಸ್ ಡಿ ಕಾಸ್ಟ್ರೊ ಮಂಗಳೂರಿನಲ್ಲಿದ್ದರು, 1680ರಲ್ಲಿ ಮಿಲಾಗ್ರಿಸ್ ಇಗರ್ಜಿ ಕಟ್ಟಿಸಿದವರು ಅವರೇ. ಗೋವಾದ ಆರ್ಚ್‌ಬಿಷಪರೋ ಈ ಪ್ರದೇಶ ತಮ್ಮ ವ್ಯಾಪ್ತಿಗೆ ಸೇರಿದ್ದೆಂದು ಜೋಸೆಫ್ ವಾಜರನ್ನು ಕಳಿಸಿದ್ದರು. ಯಾರು ಕೊಟ್ಟ ಸಂಸ್ಕಾರ ಸರಿ, ಯಾರದು ತಪ್ಪು ಎಂದು ಜನ ಎರಡು ಪಂಗಡವಾಗಿದ್ದರು. ಈ ಜಗಳದ ನಡುವೆ ಒಬ್ಬ ತರುಣ ಗುರು ಬಿಷಪರ ಜೊತೆ ವಿನಯದಿಂದ ಮಾತಾಡುತ್ತ, ಊರೂರು ಸುತ್ತಿ ಶಾಲೆ ತೆರೆಯುತ್ತ, ಗುಲಾಮರಾಗಿ ಮಾರಾಟವಾಗಿದ್ದ ಕ್ರೈಸ್ತರನ್ನು ಬಿಡಿಸುತ್ತ ಇದ್ದರು. ಅವರು ನಡೆಯುತ್ತಿದ್ದುದು ಬರಿಗಾಲಿನಲ್ಲಿ.

1681ರಿಂದ 1684. ಮೂರು ಮಳೆಗಾಲ. ನಾವು ಮೊದಲಿಗೆ ಎಣಿಸಿದ ಹೊಳೆಗಳು ದಕ್ಷಿಣದವು. ಅವರು ಓಡಾಡಿದ ಉತ್ತರದ ಕಡೆಯೂ ಬೇಕಾದಷ್ಟಿವೆ: ಗಂಗೊಳ್ಳಿಯಲ್ಲಿ ಹೊಳೆಗಳ ಸಂಗಮ, ಕಲ್ಯಾಣಪುರದಲ್ಲಿ ಸ್ವರ್ಣಾ, ಮೂಲ್ಕಿಯಲ್ಲಿ ಶಾಂಭವಿ, ಮಂಗಳೂರಿನಲ್ಲಿ ಗುರುಪುರ ಮತ್ತು ನೇತ್ರಾವತಿ. ಸಾಯುತ್ತಿರುವವರಿಗೆ ಅಂತಿಮ ಅಭ್ಯಂಗ ಕೊಡಲು ಕರೆ ಬಂದರೆ, ಹೊಳೆ ಇಳಿಯುವವರೆಗೆ ಕಾಯಲು ಆಗುವುದಿಲ್ಲ. ಗುರುಗಳೇ ಕಡಿಮೆ ಇದ್ದ ಆ ಕಾಲದಲ್ಲಿ ಕಡವಿನ ದೋಣಿಯವನು ಹುಟ್ಟು ಹಾಕಲು ಒಪ್ಪಿದನೋ ಇಲ್ಲವೋ ಎಂಬುದರ ಮೇಲೆ ಒಂದು ಮನೆಯ ಸಮಾಧಾನ ನಿಂತಿತ್ತು. ಆ ದೋಣಿಯವರು ಬಹುಮಟ್ಟಿಗೆ ಕ್ರೈಸ್ತರಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ನಮ್ಮ ಗಡಿಗೆ ತಾಗಿಕೊಂಡೇ ಇರುವ ಮುಡಿಪು ಗುಡ್ಡದ ಕಥೆ ಹಿರಿಯರು ಹೇಳುವುದನ್ನು ಕೇಳಿದ್ದೀರಿ. ರೋಗಿಯಿದ್ದಾರೆ ಎಂದು ಸುಳ್ಳು ಹೇಳಿ ರಾತ್ರಿ ಹೊತ್ತು ಗುರುಗಳನ್ನು ಗುಡ್ಡಕ್ಕೆ ಕರೆದೊಯ್ದರು, ಕೊಲ್ಲುವ ಉದ್ದೇಶವಿತ್ತು. ಅವರು ಕೋಲನ್ನು ಬಂಡೆಗೆ ಊರಿದಾಗ ಬೆಳಕಾಯಿತು, ನೀರಿನ ಒರತೆಗಳು ಚಿಮ್ಮಿದವು ಎನ್ನುತ್ತದೆ ಪರಂಪರೆ. ಆ ಒರತೆಗಳ ಬಳಿ ಈಗ ಅವರ ಪುಣ್ಯಕ್ಷೇತ್ರವಿದೆ. ಇದು ಭಕ್ತಿಯ ಕಥೆ, ಇತಿಹಾಸದ ದಾಖಲೆಯಂತೆ ಅದನ್ನು ಓದಬೇಕಿಲ್ಲ. ಆದರೂ ಕಥೆ ಕಟ್ಟಿದ ಜನರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ರಾತ್ರಿಯಲ್ಲಿ ಯಾರು ಕರೆದರೂ ಈ ಗುರು ಹೊರಟುಬಿಡುತ್ತಾರೆ ಎಂಬುದು. ಇಲ್ಲದಿದ್ದರೆ ಹೀಗೊಂದು ಬಲೆ ಹೆಣೆಯಲು ಬರುತ್ತಿರಲಿಲ್ಲ.

ಗೋವಾಕ್ಕೆ ಮರಳಿ ಓರೆಟರಿ ಸಭೆ ಸೇರಿದ ಅವರು 1686ರಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟರು, ಈ ಸಲ ಸಿಲೋನಿಗೆ. ಡಚ್ಚರು 1658ರಲ್ಲಿ ಯಾಳ್ಪಾಣವನ್ನು ಹಿಡಿದ ಮೇಲೆ ಆ ದ್ವೀಪದ ಕರಾವಳಿಯಲ್ಲಿ ಕಥೋಲಿಕ ಗುರುಗಳು ಕಾಲಿಡುವಂತಿರಲಿಲ್ಲ. ಕಣ್ಣೂರು, ಕೊಚ್ಚಿ, ಕೊಲ್ಲಂ ಎಲ್ಲವೂ ಡಚ್ಚರ ಕೈಯಲ್ಲಿ. ಜೊತೆಗೆ ಜಾನ್ ಎಂಬ ಸೇವಕ. ಕೆನರಾ, ಮಲಬಾರು ದಾಟಿ ತೂತ್ತುಕುಡಿ ಮುಟ್ಟಿದ್ದು 1687ರ ಈಸ್ಟರ್ ಭಾನುವಾರ. ಆ ವರ್ಷ ಅದು ಮಾರ್ಚ್ 30ಕ್ಕೆ ಬಿದ್ದಿತ್ತು. ಅಲ್ಲಿಂದ ಕೂಲಿಯವನ ವೇಷದಲ್ಲಿ ಕಡಲು ದಾಟಿದರು. ದಾರಿಯ ದುರವಸ್ಥೆಯಿಂದ ರಕ್ತಭೇದಿ ಹಿಡಿದು, ಯಾಳ್ಪಾಣದಲ್ಲಿ ಸಾವಿನ ಬಾಯಿಗೆ ಹೋಗಿ ಬಂದರು.

ಮುಂದೆ ಕ್ಯಾಂಡಿಯಲ್ಲಿ ನಡೆದ ಒಂದು ಪ್ರಸಂಗ ಇಲ್ಲಿಗೆ ಹೊಂದುತ್ತದೆ. ಬರಗಾಲ ಬಿದ್ದಾಗ ರಾಜ ವಿಮಲಧರ್ಮಸೂರಿಯ ಮಳೆಗಾಗಿ ಪ್ರಾರ್ಥಿಸಲು ಇವರನ್ನು ಕೇಳಿದ. ಬಯಲಿನಲ್ಲಿ ಪೀಠ ಇಟ್ಟು ಮೊಣಕಾಲೂರಿದರು, ಮಳೆ ಸುರಿಯಿತು, ಪೀಠ ಮತ್ತು ಗುರುಗಳು ಮಾತ್ರ ನೆನೆಯಲಿಲ್ಲ ಎನ್ನುತ್ತಾರೆ. ಮೂರು ವರ್ಷ ನಮ್ಮ ಆಟಿ ಮಳೆಯಲ್ಲಿ ನೆನೆದವರಿಗೆ ಅಷ್ಟಾದರೂ ಬೇಡವೇ ಎಂದು ನಮ್ಮ ಕೂಟದ ಒಬ್ಬಳು ಹೇಳಿದಳು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಆಮೇಲಿನ ಕಾಲದಲ್ಲಿ ಓದಿದವರು ಮಳೆ ತಪ್ಪಿಸಿ ಬರಲು ಕಲಿತರು. ಫ್ರಾನ್ಸಿಸ್ ಬುಕಾನನ್ ನಮ್ಮ ಕಡೆ ಹಾದುಹೋದದ್ದು 1801ರ ಜನವರಿಯಲ್ಲಿ, ಅಂದರೆ ಚಂದ್ರಗಿರಿ ಶಾಂತವಾಗಿರುವಾಗ. ಬಾಸೆಲ್ ಮಿಶನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರ ಅಕ್ಟೋಬರ್ ಕೊನೆಗೆ, ಕಡಲ ಬಾಗಿಲು ತೆರೆದ ಮೇಲೆ. ತಪ್ಪಿಸಿಕೊಳ್ಳಲಾಗದವರು ಸರಕಾರಿ ನೌಕರರು. 1799ರಲ್ಲಿ ಕೆನರಾದ ಮೊದಲ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೊಗೆ ಈ ಸೀಮೆ ಹಿಡಿಸಲೇ ಇಲ್ಲ; ಮರುವರ್ಷವೇ ಬಳ್ಳಾರಿ, ಆದೋನಿ, ರಾಯದುರ್ಗದ ಒಣ ಸೀಮೆಗೆ ಹೋದರು. ಅಲ್ಲಿಯ ಕನ್ನಡಿಗರು ಮನ್ರೊನನ್ನು ಇನ್ನೂ ನೆನೆಯುತ್ತಾರೆ, ನಮ್ಮ ಕಡೆ ಯಾರೂ ನೆನೆಯುವುದಿಲ್ಲ.

ಊರಿನವರಿಗೆ ಬರುವುದು ಹೋಗುವುದು ಎಂಬುದಿರಲಿಲ್ಲ, ಇರುವುದಷ್ಟೆ. ತೊಂಬತ್ತರ ಹತ್ತಿರದ ನಮ್ಮ ಅಜ್ಜಿಯಂದಿರು ಹೇಳುವ ಪ್ರಕಾರ, ಹೊಳೆ ಏರಿದ ಭಾನುವಾರ ಕಡವಿನ ಆಚೆಯವರು ಪೂಜೆಗೆ ಬರುವ ಮಾತೇ ಇರಲಿಲ್ಲ. ಮನೆಯಲ್ಲೇ ತೇರ್ಸ್ ಹೇಳಿ ಗಂಜಿ ಉಣ್ಣುತ್ತಿದ್ದರು. ಗದ್ದೆಗೆ ಹೋಗುವವರ ಬೆನ್ನಿಗೆ ಗೊರಬೆ, ತಲೆಗೆ ಮುಟ್ಟಾಳೆ, 'ಬಟ್ಟೆ ಕೊಡೆ ಮದುವೆಗೆ ಮಾತ್ರ'. ಕಡವಿನ ಬ್ಯಾರಿಗೆ ಪ್ರತಿ ಸಲ ಕಾಸು ಕೊಡುವುದಿರಲಿಲ್ಲ, ವರ್ಷಕ್ಕೊಮ್ಮೆ ಮನೆಯಿಂದ ಭತ್ತ ಹೋಗುತ್ತಿತ್ತು. ಹೆರಿಗೆ ನೋವು ಎಂದು ರಾತ್ರಿ ಕೂಗಿದರೆ ಅವನು ಎದ್ದು ಬರುತ್ತಿದ್ದ, ಅದಕ್ಕೆ ಬೇರೆ ಲೆಕ್ಕವಿರಲಿಲ್ಲ. ದೋಣಿ ಮಗುಚಿದ ಕಥೆಗಳೂ ಇವೆ. ಅವನ್ನು ಅವರು ಪೂರ್ತಿ ಹೇಳುವುದಿಲ್ಲ, ನಡುವೆಯೇ ನಿಲ್ಲಿಸಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ.

1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದಾಗ ಮೊದಲ ಸಲ ಈ ಹೊಳೆಗಳನ್ನೆಲ್ಲ ಆಟಿಯಲ್ಲೂ ಕಾಲು ಒದ್ದೆಯಾಗದೆ ದಾಟುವಂತಾಯಿತು. ಶತಶತಮಾನಗಳ ಕಾಯುವಿಕೆ ಒಂದು ಕಬ್ಬಿಣದ ದಾರಿಯಿಂದ ಮುಗಿಯಿತು. 1956ರ ನವೆಂಬರ್ 1ರಿಂದ ಅದೇ ದಾರಿ ಎರಡು ರಾಜ್ಯಗಳಲ್ಲಿ ಹರಿದುಹೋಯಿತು, ಆದರೆ ರೈಲು ನಿಲ್ಲಲಿಲ್ಲ. ಮಂಗಳೂರಿನ ಉತ್ತರಕ್ಕೆ ರೈಲು ಬರಲು ಮಾತ್ರ ಇನ್ನೂ ಸುಮಾರು 90 ವರ್ಷ ಬೇಕಾಯಿತು. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಮಳೆಗಾಲಕ್ಕೆ ಅದಕ್ಕೆ ಈಗಲೂ ಬೇರೆಯೇ ವೇಳಾಪಟ್ಟಿ, ವೇಗ ಕಡಿಮೆ. ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರೈಲು 2003ರ ಜೂನ್ 22ರ ರಾತ್ರಿ ವೈಭವವಾಡಿಯ ಹತ್ತಿರ ಹಳಿಯ ಮೇಲೆ ಕುಸಿದ ಬಂಡೆಗಳಿಗೆ ಬಡಿದು 50ಕ್ಕೂ ಹೆಚ್ಚು ಜನ ಸತ್ತರು.

ಸೇತುವೆ ಬಂದ ಮೇಲೆ ನಮಗೆ ಹೊಳೆಯ ಭಯ ಹೋಯಿತು, ಗುಡ್ಡದ ಭಯ ಬಂತು. ಹಳೆಯ ಕಾಲುದಾರಿ ಗುಡ್ಡವನ್ನು ಸುತ್ತಿಕೊಂಡು ಹೋಗುತ್ತಿತ್ತು, ಹೊಸ ರಸ್ತೆ ಅದನ್ನು ಕಡಿದುಕೊಂಡು ಹೋಗುತ್ತದೆ. ಜಂಬಿಟ್ಟಿಗೆಯ ಅಡಿಯಲ್ಲಿ ಮೆತ್ತನೆಯ ಜೇಡಿಮಣ್ಣು. ಮಳೆನೀರು ಇಳಿದು ಅಲ್ಲಿ ನಿಂತರೆ, ಬುಡ ಕಡಿದ ಗುಡ್ಡ ಜಾರುತ್ತದೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹಾಗೆಯೇ ಆಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ಹೊಳೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಮರದ ದಿಮ್ಮಿ ಹೇರಿಕೊಂಡು ಕಲ್ಲಿಕೋಟೆ ಕಡೆಗೆ ಹೊರಟಿದ್ದ ಲಾರಿಯೊಂದು ಚಾಲಕನ ಸಮೇತ ಹೊಳೆಗೆ ಬಿತ್ತು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಮೊಬೈಲಿನಲ್ಲಿ ಮಲಯಾಳಂ ವಾರ್ತೆ, ಇನ್ನೊಂದರಲ್ಲಿ ಕನ್ನಡ ವಾರ್ತೆ. ಎರಡೂ ಕಡೆಯವರು ಬೈದಾಡಿಕೊಂಡರು. ಉಡುಪಿ ಕಡೆಯ ಮುಳುಗುಗಾರರು ಮಾತ್ರ ಬೈಯದೆ ಆ ಕೆಸರು ನೀರಿಗೆ ಇಳಿದರು. ಲಾರಿಯನ್ನೂ ಅದರೊಳಗಿದ್ದ ದೇಹವನ್ನೂ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು, ಮಳೆ ಇಳಿದು ಹೊಳೆ ತಗ್ಗಿದ ಮೇಲೆ.

ಆ ಗುಡ್ಡದ ಬುಡದಲ್ಲಿ ಒಂದು ಚಹಾದಂಗಡಿ ಇತ್ತು. ದೂರದಿಂದ ಬರುವ ಲಾರಿ ಚಾಲಕರು ನಿಂತು ಚಹಾ ಕುಡಿದು ಹೋಗುತ್ತಿದ್ದ ಜಾಗ. ಅಂಗಡಿ ನಡೆಸುತ್ತಿದ್ದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮಣ್ಣಿನಡಿ ಸಿಕ್ಕಿ ತೀರಿಕೊಂಡರು. ಮಳೆಯಲ್ಲಿ ಬಂದವರಿಗೆ ಅರ್ಧ ಮೈಲಿಗೊಂದರಂತೆ ಸೂರು ಇದ್ದ ದಾರಿ ಅದೇ ಕರಾವಳಿಯದು. ಈ ನವೆಂಬರಿನಲ್ಲಿ ಮೃತರ ಹೆಸರುಗಳನ್ನು ಓದುವಾಗ ಆ ನಾಲ್ವರನ್ನೂ, ಲಾರಿಯವನನ್ನೂ ಸೇರಿಸಿಕೊಳ್ಳಲು ಗುರುಗಳನ್ನು ಕೇಳಿದ್ದೇವೆ. ಆಗಲಿ ಎಂದಿದ್ದಾರೆ.